ಕಂದಿನೊಡನೆ ಬರುವ ಕೇಡು: ಆರ್ಟಿಚೋಕ್ ಬೆಳೆಯ ಕೀಟರೋಗಗಳೂ ಅವುಗಳಿಂದ ತಿಳಿಯತಕ್ಕ ನೀತಿಯೂ

ಬೆಳೆಗೆ ಕೇಡು ತಟ್ಟಿತೆಂದರೆ ಬೇಸಾಯಗಾರನ ದೃಷ್ಟಿಯು ಮೊದಲು ಎಲೆಯ ಮೇಲೂ ಕಾಯಿಯ ಮೇಲೂ ಬೀಳುವುದು ಸ್ವಾಭಾವಿಕವಾದುದು. ಕಣ್ಣಿಗೆ ಕಂಡ ಹುಳುವನ್ನು ಕೊಲ್ಲುವುದಕ್ಕೆ ಅವನು ಔಷಧವನ್ನು ಹುಡುಕಿಕೊಂಡು ಹೋಗುತ್ತಾನೆ. ಕಂಡ ಚುಕ್ಕೆಯನ್ನು ತಡೆಯುವುದಕ್ಕೆ ಪುಡಿಯನ್ನು ಎರಚುತ್ತಾನೆ. ಆದರೆ ಅನೇಕ ಬೆಳೆಗಳಲ್ಲಿ ಕೇಡಿನ ಮೂಲವು ಎಲೆಯ ಮೇಲೆ ಇರುವುದಿಲ್ಲ. ನೆಟ್ಟ ದಿನವೇ ಗುಣಿಯೊಳಕ್ಕೆ ಇಳಿಸಿದ ಕಂದಿನಲ್ಲಿಯೇ ಅದು ಅಡಗಿರುತ್ತದೆ. ಹೀಗೆ ತಾನೇ ತಂದು ತಾನೇ ನೆಟ್ಟ ಕೇಡಿಗೆ ವರ್ಷವರ್ಷವೂ ದಂಡ ತೆರುವ ಬೇಸಾಯಗಾರರು ಎಲ್ಲ ದೇಶಗಳಲ್ಲಿಯೂ ಉಂಟು. ಈ ಮಾತಿಗೆ ಗ್ಲೋಬ್ ಆರ್ಟಿಚೋಕ್ ಎಂಬ ತರಕಾರಿಯ ಬೇಸಾಯಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯುವುದು ಕಷ್ಟ. ಆ ಬೆಳೆಯು ಕನ್ನಡನಾಡಿನ ಸಂತೆಗಳಲ್ಲಿ ಸಾಧಾರಣವಾಗಿ ಕಾಣತಕ್ಕುದಲ್ಲ. ಆದರೂ ಅದನ್ನು ಬೆಳೆಯುವ ದೇಶಗಳವರು ಪಟ್ಟ ಪಾಡು ಬಾಳೆ, ಕಬ್ಬು, ಏಲಕ್ಕಿಗಳನ್ನು ಬೆಳೆಯುವವರಿಗೆ ತೀರ ಅಪರಿಚಿತವಾದುದಲ್ಲ.

ಬೆಳೆಯ ಸ್ವಭಾವ

ಆರ್ಟಿಚೋಕ್ ಗಿಡವು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದುದು. ಆ ಕುಟುಂಬದಲ್ಲಿಯೂ ಅದು ಕುಸುಬೆಗೆ ಹತ್ತಿರದ ದಾಯಾದಿ. ಶಾಸ್ತ್ರಜ್ಞರು ಇದನ್ನು ಸಿನಾರ ಕಾರ್ಡುಂಕುಲಸ್ ಎಂಬ ಜಾತಿಯ ಒಂದು ಬಗೆಯೆಂದು ಎಣಿಸುತ್ತಾರೆ. ಇದರ ತೌರು ಮೆಡಿಟರೇನಿಯನ್ ಸಮುದ್ರದ ತೀರಪ್ರದೇಶ. ಅರಳುವುದಕ್ಕೆ ಮೊದಲೇ ಹೂವಿನ ಮೊಗ್ಗನ್ನು ಕೊಯ್ದು, ಬೇಯಿಸಿ, ಅದರ ಹೊರ ಎಸಳುಗಳ ಬುಡದ ತಿರುಳನ್ನೂ ಒಳಗಿನ ಮೆತ್ತನೆಯ ಪೀಠವನ್ನೂ ತಿನ್ನುವುದು ವಾಡಿಕೆ. ಇಟಲಿ, ಈಜಿಪ್ಟ್, ಸ್ಪೇನ್ ದೇಶಗಳು ಇದರ ಬೇಸಾಯದಲ್ಲಿ ಮುಂದಾಗಿವೆ. ಅಮೆರಿಕ ಸಂಯುಕ್ತಸಂಸ್ಥಾನದಲ್ಲಿ ವ್ಯಾಪಾರಕ್ಕಾಗಿ ಬೆಳೆಯುವ ಆರ್ಟಿಚೋಕಿನ ಬಹುಭಾಗವು ಕ್ಯಾಲಿಫೋರ್ನಿಯದ್ದೇ. ಅಲ್ಲಿಗೆ ಇಟಲಿಯಿಂದ ವಲಸೆ ಬಂದ ಒಕ್ಕಲುಗಳು ಈ ಬೆಳೆಯನ್ನು ರೂಢಿಗೆ ತಂದರು. 1922ರಲ್ಲಿ ಸಕ್ಕರೆ ಬೀಟನ್ನು ಬೆಳೆಯುತ್ತಿದ್ದ ಭೂಮಿಯನ್ನು ಆಂಡ್ರ್ಯೂ ಮೊಲೆರ ಎಂಬ ಜಮೀನುದಾರರು ಆರ್ಟಿಚೋಕ್ ಬೆಳೆಯುವವರಿಗೆ ಗುತ್ತಿಗೆಗೆ ಕೊಟ್ಟ ಮೇಲೆ ಮಾಂಟೆರೆ ಜಿಲ್ಲೆಯ ಕ್ಯಾಸ್ಟ್ರೊವಿಲ್ ಊರಿನ ಸುತ್ತ ಈ ಬೇಸಾಯವು ನೆಲೆಯೂರಿತು. 2013ರಲ್ಲಿ ಕ್ಯಾಲಿಫೋರ್ನಿಯದ ಸರ್ಕಾರವು ಇದನ್ನು ಆ ರಾಜ್ಯದ ತರಕಾರಿಯೆಂದು ಸಾರಿತು.

ಇಲ್ಲಿ ಗಮನಿಸತಕ್ಕ ಮುಖ್ಯ ಸಂಗತಿಯೆಂದರೆ, ಈ ಗಿಡವು ಬಹುವಾರ್ಷಿಕವಾದುದು. ಹಳೆಯ ಪದ್ಧತಿಯಂತೆ ಒಮ್ಮೆ ನೆಟ್ಟ ಗಿಡವನ್ನು ಕ್ಯಾಲಿಫೋರ್ನಿಯದಲ್ಲಿ 5 ರಿಂದ 10 ವರ್ಷಗಳವರೆಗೂ ಅದೇ ನೆಲದಲ್ಲಿ ಉಳಿಸಿಕೊಳ್ಳುತ್ತಾರೆ. ಹೊಸ ತೋಟವನ್ನು ಮಾಡುವಾಗ ಹಳೆಯ ಬುಡವನ್ನು ಸೀಳಿ ತುಂಡುಗಳನ್ನು ನೆಡುವುದು ಅಲ್ಲಿಯ ರೂಢಿ. ಇಟಲಿಯಲ್ಲಿ ಎರಡು ಬಗೆಯ ನೆಡುವಸ್ತುಗಳುಂಟು. ಬುಡದಿಂದ ಹೊರಟ ಎಳೆಯ ಮರಿಕಂದುಗಳನ್ನು ಕಾರ್ದುಚ್ಚಿ ಎನ್ನುವರು. ಬೇಸಗೆಯಲ್ಲಿ ನಿದ್ರಾವಸ್ಥೆಯಲ್ಲಿರುವ, ಬೇರಿನ ಅಂಶದೊಡನೆ ಕಿತ್ತ ಮೊಳಕೆಗಳನ್ನು ಓವೊಲಿ ಎನ್ನುವರು. ಯಾವುದನ್ನು ನೆಟ್ಟರೂ ತಾಯಿಗಿಡದ ಗುಣವೆಲ್ಲವೂ ಮರಿಗೆ ಬರುತ್ತದೆ. ಬೀಜದಿಂದ ಎದ್ದ ಗಿಡಗಳಲ್ಲಿ ಕಾಣುವ ಏರುಪೇರು ಇಲ್ಲಿ ಕಾಣುವುದಿಲ್ಲ. ಆದುದರಿಂದಲೇ ರೈತರಿಗೆ ಈ ಪದ್ಧತಿಯು ಪ್ರಿಯವಾದುದು. ಆದರೆ ತಾಯಿಯ ಗುಣ ಬರುವ ದಾರಿಯಲ್ಲಿಯೇ ತಾಯಿಯ ರೋಗವೂ ಬರುವುದೆಂಬುದನ್ನು ಅನೇಕರು ಮರೆತಿದ್ದಾರೆ.

ಗರಿರೆಕ್ಕೆಯ ಪತಂಗ

ಕ್ಯಾಲಿಫೋರ್ನಿಯದ ಆರ್ಟಿಚೋಕ್ ಬೆಳೆಗಾರನಿಗೆ ಮೊದಲನೆಯ ಶತ್ರುವು ಪ್ಲ್ಯಾಟಿಪ್ಟಿಲಿಯ ಕಾರ್ಡುಯಿಡ್ಯಾಕ್ಟಿಲ ಎಂಬ ಗರಿರೆಕ್ಕೆಯ ಪತಂಗ. ಇದರ ಮುಂದಿನ ರೆಕ್ಕೆಗಳು ತುದಿಯಲ್ಲಿ ಎರಡಾಗಿಯೂ ಹಿಂದಿನ ರೆಕ್ಕೆಗಳು ಮೂರಾಗಿಯೂ ಸೀಳಿ ಹಕ್ಕಿಯ ಗರಿಗಳಂತೆ ಕಾಣುತ್ತವೆ. ಕಂದು ಬಣ್ಣದ ಈ ಪತಂಗವು ಕುಳಿತಾಗ ರೆಕ್ಕೆಗಳನ್ನು ಮೈಗೆ ಅಡ್ಡಲಾಗಿ ಚಾಚಿಕೊಂಡಿರುತ್ತದೆ. ಹೆಣ್ಣು ಎಲೆಗಳ ಕೆಳಮೈಯಲ್ಲಿ ಬಿಡಿಬಿಡಿಯಾಗಿ ಮೊಟ್ಟೆಯಿಡುವುದು. ಮೊಟ್ಟೆಯೊಡೆದ ಮರಿಹುಳು ಎಳೆಯ ಎಲೆಗಳನ್ನು ಸ್ವಲ್ಪ ಕಾಲ ತಿಂದು, ಆಮೇಲೆ ಸುಳಿಯನ್ನೂ ಕಾಂಡವನ್ನೂ ಮೊಗ್ಗನ್ನೂ ಕೊರೆದು ಒಳಹೊಗುತ್ತದೆ. ಮೊಗ್ಗಿನೊಳಗೆ ಹೊಕ್ಕ ಹುಳುವಿಗೆ ಮೇಲಿನಿಂದ ಸಿಂಪಡಿಸಿದ ಯಾವ ವಿಷವೂ ಮುಟ್ಟುವುದಿಲ್ಲ. ಒಂದು ಹುಳು ಕೊರೆದ ಮೊಗ್ಗು ಪೇಟೆಯಲ್ಲಿ ಬೆಲೆಗೆ ಬಾರದು. ತಿನ್ನುವ ವಸ್ತುವೇ ಮೊಗ್ಗಾದುದರಿಂದ ಕೆಟ್ಟ ಭಾಗವನ್ನು ತೆಗೆದು ಉಳಿದುದನ್ನು ಮಾರುವ ಅನುಕೂಲವೂ ಇಲ್ಲ.

ಈ ಪತಂಗವು ಪರದೇಶದಿಂದ ಬಂದುದಲ್ಲ. ಉತ್ತರ ಅಮೆರಿಕದ ಥಿಸಲ್ ಎಂಬ ಮುಳ್ಳುಗಿಡಗಳೇ ಅದರ ಪೂರ್ವದ ಆಹಾರ. ಆ ಮುಳ್ಳುಗಿಡಗಳ ಬಂಧುವಾದ ಆರ್ಟಿಚೋಕ್ ಎಕರೆಗಟ್ಟಲೆ ಬಂದು ನಿಂತಾಗ ಅದಕ್ಕೆ ಸದಾವರ್ತಿಯ ಊಟವೇ ಸಿಕ್ಕಂತಾಯಿತು. ಕರಾವಳಿಯ ಹವೆಯು ವರ್ಷವೆಲ್ಲ ತಂಪಾಗಿದ್ದು ಮಂಜು ಕವಿದಿರುತ್ತದೆ. ಅಲ್ಲಿ ಈ ಕೀಟವು ವರ್ಷಕ್ಕೆ 3 ಅಥವಾ 4 ತಲೆಮಾರುಗಳನ್ನು ಮುಗಿಸುತ್ತದೆ. ಒಂದು ತಲೆಮಾರು ಮುಗಿಯುವುದರೊಳಗೆ ಮತ್ತೊಂದು ಆರಂಭವಾಗಿರುವುದರಿಂದ ಮೊಟ್ಟೆ, ಹುಳು, ಕೋಶ, ಪತಂಗ ಈ ನಾಲ್ಕು ಅವಸ್ಥೆಗಳೂ ಏಕಕಾಲದಲ್ಲಿ ಹೊಲದಲ್ಲಿ ಇರುತ್ತವೆ. ಇಂತಹ ಕಡೆ ಒಂದು ದಿನದ ಸಿಂಪರಣೆಯು ಒಂದು ಅವಸ್ಥೆಯನ್ನು ಮಾತ್ರ ಮುಟ್ಟುವುದು. ಉಳಿದವು ಹದಿನೈದು ದಿನಗಳೊಳಗೆ ಅದರ ಸ್ಥಾನವನ್ನು ತುಂಬುವುವು.

ಈ ಕೀಟದ ನಿವಾರಣೆಗೆ ಅಲ್ಲಿಯ ಅನುಭವವು ತೋರಿಸಿಕೊಟ್ಟ ಉಪಾಯಗಳಲ್ಲಿ ಮೊದಲನೆಯವು ವಿಷವಲ್ಲದವೇ. ವರ್ಷಕ್ಕೊಮ್ಮೆ ಗಿಡಗಳನ್ನೆಲ್ಲ ನೆಲದ ಮಟ್ಟಕ್ಕೆ, ಇಲ್ಲವೇ ಅದಕ್ಕೂ ಸ್ವಲ್ಪ ಕೆಳಕ್ಕೆ ಕಡಿದು, ಕಡಿದ ಸೊಪ್ಪನ್ನು ಚೂರುಮಾಡಿ ಕೂಡಲೇ ಮಣ್ಣಿನಲ್ಲಿ ಆಳವಾಗಿ ಮುಚ್ಚಬೇಕು. ಕೊಯ್ಲಿನ ಸಮಯದಲ್ಲಿ ಹುಳು ಬಿದ್ದ ಮೊಗ್ಗುಗಳನ್ನು ಸಾಲಿನಲ್ಲಿಯೇ ಬಿಸುಟು ಹೋಗದೆ ಒಟ್ಟುಗೂಡಿಸಿ ನಾಶಮಾಡಬೇಕು. ಬದುಗಳ ಮೇಲೂ ಹಳ್ಳದ ದಡದಲ್ಲಿಯೂ ಬೆಳೆದ ಥಿಸಲ್ ಮುಳ್ಳುಗಿಡಗಳನ್ನು ಹೂಬಿಡುವುದಕ್ಕೆ ಮೊದಲೇ ತೆಗೆಯಬೇಕು. ಇವಿಷ್ಟೂ ಗುದ್ದಲಿ ಕುಡುಗೋಲುಗಳ ಕೆಲಸ. ಇವುಗಳ ಜೊತೆಗೆ, ಹೆಣ್ಣು ಪತಂಗದ ವಾಸನೆಯನ್ನು ಹೋಲುವ ವಸ್ತುವನ್ನು ಹೊಲದಲ್ಲಿ ಹರಡಿ ಗಂಡುಗಳನ್ನು ದಾರಿ ತಪ್ಪಿಸುವ ಕ್ರಮವೂ, ಹುಳುವಿಗೆ ಮಾತ್ರ ರೋಗ ತರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯವನ್ನು ಸಿಂಪಡಿಸುವ ಕ್ರಮವೂ, ಸ್ಟೈನರ್ನೀಮ ಎಂಬ ಸೂಕ್ಷ್ಮ ಜಂತುಹುಳುಗಳನ್ನು ನೀರಿನಲ್ಲಿ ಬೆರೆಸಿ ಗಿಡದ ಸುಳಿಗೆ ಬಿಡುವ ಕ್ರಮವೂ ಬಳಕೆಗೆ ಬಂದಿವೆ. ಈ ಜಂತುಗಳು ಕೊರೆದ ರಂಧ್ರದೊಳಕ್ಕೆ ತಾವೇ ಹೊಕ್ಕು ಮರಿಹುಳುವನ್ನು ಕೊಲ್ಲುತ್ತವೆ. ಒಣ ಹವೆಯಲ್ಲಿ ಅವು ಬದುಕಲಾರವು. ಮಂಜಿನ ನಾಡಿಗೆ ಅವು ಹೊಂದುವುವು.

ಇಟಲಿಯ ಕೊರಕ

ಮೆಡಿಟರೇನಿಯನ್ ದೇಶಗಳಲ್ಲಿ ಇದೇ ಸ್ಥಾನವನ್ನು ಪಡೆದಿರುವುದು ಗೊರ್ಟಿನ ಕ್ಸಾಂಥೀನಿಸ್ ಎಂಬ ಬೇರೊಂದು ಪತಂಗ. ಇದಕ್ಕೆ ವರ್ಷಕ್ಕೆ ಒಂದೇ ತಲೆಮಾರು. ಶರತ್ಕಾಲದಲ್ಲಿ ಹೊರಬಂದ ಪತಂಗವು ಗಿಡದ ಬುಡದಲ್ಲಿ ಒಣಗಿ ಜೋತ ಎಲೆಗಳಲ್ಲಿ ಮೊಟ್ಟೆಯಿಡುತ್ತದೆ. ಚಳಿಗಾಲದಲ್ಲಿ ಹುಟ್ಟಿದ ಹುಳು ಎಲೆಯ ನಡುದಂಟನ್ನು ಕೊರೆದುಕೊಂಡು ಇಳಿದು, ಕಾಂಡವನ್ನು ಸೇರಿ, ಕೊನೆಗೆ ಬುಡದ ಗಡ್ಡೆಯನ್ನೇ ಟೊಳ್ಳುಮಾಡುವುದು. ಬೇಸಗೆಯಲ್ಲಿ ಬೆಳೆಗಾರನು ಹೊಸ ತೋಟಕ್ಕಾಗಿ ಬುಡದಿಂದ ಓವೊಲಿಗಳನ್ನು ಕೀಳುವ ಹೊತ್ತಿಗೆ ಹುಳುವು ಆ ಬುಡದಲ್ಲಿಯೇ ಇರುತ್ತದೆ. ಹಾಗೆ ಕಿತ್ತ ಕಂದನ್ನು ಸೀಳಿ ಪರೀಕ್ಷಿಸದೆ ನೆಟ್ಟವನು ಹುಳುವಿಗೆ ಹೊಸ ಮನೆಯನ್ನು ಕಟ್ಟಿಕೊಟ್ಟಂತೆಯೇ ಸರಿ.

ಒಣ ಎಲೆಗಳನ್ನು ಚಳಿಗಾಲದ ಆದಿಯಲ್ಲಿಯೇ ಕಿತ್ತು ಸುಡುವುದೂ, ಮುಗಿದ ತೋಟದ ಬುಡಗಳನ್ನು ಅಗೆದು ತೆಗೆದು ನಾಶಪಡಿಸುವುದೂ ಇದಕ್ಕೆ ಸುಲಭವಾದ ಪರಿಹಾರ. ಎರಡು ದೇಶಗಳ ಎರಡು ಪತಂಗಗಳ ಜೀವನಕ್ರಮವು ಇಷ್ಟು ಬೇರೆಯಾಗಿದ್ದರೂ ಪರಿಹಾರವು ಒಂದೇ ಆಗಿರುವುದನ್ನು ವಾಚಕರು ಗಮನಿಸಬೇಕು. ಎರಡು ಕಡೆಗಳಲ್ಲಿಯೂ ಕೀಟಕ್ಕೆ ಆಶ್ರಯವು ಹಳೆಯ ಗಿಡದ ಅವಶೇಷವೇ. ಎರಡು ಕಡೆಗಳಲ್ಲಿಯೂ ಚೊಕ್ಕಟವಾದ ಹೊಲವೇ ಮೊದಲ ಔಷಧ.

ಹೇನು ಮೊದಲಾದ ಸಣ್ಣ ಶತ್ರುಗಳು

ಎಲೆಗಳ ಕೆಳಗೆ ಸಸ್ಯಹೇನುಗಳು ಗುಂಪುಗೂಡಿ ರಸ ಹೀರುತ್ತವೆ. ಅವು ಬಿಡುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಮೊಗ್ಗಿನ ಅಂದವು ಕೆಡುವುದು. ಆ ಅಂಟಿಗಾಗಿ ಬಂದ ಇರುವೆಗಳು ಹೇನುಗಳನ್ನು ಅವುಗಳ ಶತ್ರುಗಳಿಂದ ಕಾಯುತ್ತವೆ. ಕುಸುಬೆಯನ್ನು ಬೆಳೆಯುವ ವಿಜಯಪುರ, ಬಾಗಲಕೋಟೆ, ಕಲಬುರಗಿ ಸೀಮೆಗಳ ರೈತರಿಗೆ ಈ ವರ್ಣನೆಯು ಹೊಸದಲ್ಲ. ಕುಸುಬೆಯ ಹೇನು ಬೇರೆ ಜಾತಿಯದಾದರೂ ಅದರ ನಡತೆಯು ಇದೇ, ಹೊತ್ತು ಮೀರಿ ಬಿತ್ತಿದ ಪೈರಿಗೆ ಅದು ಹೆಚ್ಚಾಗಿ ಮುತ್ತುವುದೆಂಬುದೂ ಅವರಿಗೆ ತಿಳಿದ ವಿಷಯವೇ. ಇವಲ್ಲದೆ ಎಲೆಗಳನ್ನು ಚುಚ್ಚಿ ಹೀರುವ ತಿಗಣೆಗಳೂ, ಮಳೆಗಾಲದಲ್ಲಿ ಮೊಗ್ಗಿನ ಮೈಯನ್ನು ಕೆರೆಯುವ ಬಸವನಹುಳುವಿನ ಜಾತಿಯ ಗೊಂಡೆಗಳೂ, ಬುಡವನ್ನು ಕಡಿಯುವ ಹೊಲದ ಇಲಿಗಳೂ ಕ್ಯಾಲಿಫೋರ್ನಿಯದ ಬೆಳೆಗಾರರಿಗೆ ತೊಂದರೆ ಕೊಡುತ್ತವೆ. ಇವೆಲ್ಲವೂ ನಷ್ಟಕರವಾದವೇ, ಆದರೆ ಇವು ಕಣ್ಣಿಗೆ ಕಾಣುವ ಶತ್ರುಗಳು. ಕಣ್ಣಿಗೆ ಕಾಣದವುಗಳ ಹಾವಳಿಯು ಇದಕ್ಕಿಂತ ದೊಡ್ಡದು.

ಕಣ್ಣಿಗೆ ಕಾಣದ ಶತ್ರುಗಳು

ಆರ್ಟಿಚೋಕಿಗೆ ತಗಲುವ ರೋಗಗಳನ್ನು ಎರಡು ಪಂಗಡಗಳಾಗಿ ವಿಂಗಡಿಸಬಹುದು. ಗಾಳಿಯಿಂದಲೂ ಮಳೆಯ ಹನಿಗಳಿಂದಲೂ ಹರಡುವವು ಮೊದಲನೆಯ ಪಂಗಡದವು. ಮಂಜಿನಿಂದಾಗಲಿ ಹುಳುವಿನಿಂದಾಗಲಿ ಗಾಯಗೊಂಡ ಎಸಳುಗಳ ಮೇಲೆ ಬೂದುಬಣ್ಣದ ಬೂಷ್ಟನ್ನು ಬೆಳೆಸುವ ಬೊಟ್ರೈಟಿಸ್ ರೋಗ, ಎಲೆಗಳ ಮೇಲೂ ಎಸಳುಗಳ ಮೇಲೂ ದುಂಡಗಿನ ಕಂದು ಚುಕ್ಕೆಗಳನ್ನು ತರುವ ರಾಮುಲೇರಿಯ ರೋಗ, ಬಿಳಿಯ ಪುಡಿಯನ್ನು ಎರಚಿದಂತೆ ಕಾಣುವ ಬೂದಿರೋಗ ಇವು ಈ ಪಂಗಡಕ್ಕೆ ಸೇರಿದವು. ಸಾಲುಗಳ ನಡುವೆ ಗಾಳಿಯಾಡುವಂತೆ ನೋಡಿಕೊಂಡು, ನೀರನ್ನು ಮಿತವಾಗಿ ಬಿಟ್ಟು, ಸಮಯವರಿತು ಔಷಧವನ್ನು ಸಿಂಪಡಿಸಿದರೆ ಇವುಗಳನ್ನು ಹತೋಟಿಯಲ್ಲಿಡಬಹುದು.

ಎರಡನೆಯ ಪಂಗಡದವು ಕಂದಿನೊಡನೆಯೂ ಮಣ್ಣಿನೊಡನೆಯೂ ಸಾಗುವವು. ಬುಡಕೊಳೆ ರೋಗವನ್ನು ತರುವ ಬ್ಯಾಕ್ಟೀರಿಯವು ಗಿಡದ ಬುಡವನ್ನು ಮೆತ್ತಗೂ ಕಪ್ಪಗೂ ಮಾಡಿ, ಬಿಸಿಲೇರಿದ ಹೊತ್ತಿನಲ್ಲಿ ಎಲೆಗಳು ಬಾಡುವಂತೆ ಮಾಡುವುದು. ಇದು ಹೊಲದಿಂದ ಹೊಲಕ್ಕೆ ಹೋಗುವುದು ಬುಡವನ್ನು ಸೀಳುವ, ಗಿಡವನ್ನು ಕಡಿಯುವ ಕತ್ತಿಯ ಮೇಲೆ. ಒಂದು ರೋಗಿಯ ಬುಡವನ್ನು ಸೀಳಿದ ಕತ್ತಿಯಿಂದ ತೊಳೆಯದೆ ನೂರು ಬುಡಗಳನ್ನು ಸೀಳಿದರೆ, ಆ ನೂರಕ್ಕೂ ರೋಗವನ್ನು ಬಡಿಸಿದಂತಾಗುವುದು. ವರ್ಟಿಸಿಲಿಯಮ್ ಎಂಬ ಸೊರಗು ರೋಗದ ಬೂಷ್ಟು ಇದಕ್ಕಿಂತಲೂ ಹಟಮಾರಿ. ಗಿಡದ ನೀರು ಸಾಗುವ ನಾಳಗಳನ್ನು ಅದು ಕಟ್ಟುವುದು. ಗಿಡ ಸತ್ತ ಮೇಲೂ ಕಪ್ಪು ಕಾಳಿನಂತಹ ಸೂಕ್ಷ್ಮ ಬೀಜರೂಪದಲ್ಲಿ ಅನೇಕ ವರ್ಷಗಳವರೆಗೆ ಮಣ್ಣಿನಲ್ಲಿ ಬದುಕಿರುವುದು. ಇಟಲಿ, ಸ್ಪೇನ್, ಗ್ರೀಸ್ ದೇಶಗಳಲ್ಲಿ ಇದರ ಹಾವಳಿಯುಂಟು. ಕ್ಯಾಲಿಫೋರ್ನಿಯದ ಸಲೀನಾಸ್ ಕಣಿವೆಯಲ್ಲಿ ಇದೇ ಬೂಷ್ಟು ಸ್ಟ್ರಾಬೆರಿಯನ್ನೂ ಲೆಟ್ಯೂಸ್ ಸೊಪ್ಪನ್ನೂ ಕೆಡಿಸುವುದರಿಂದ ಬೆಳೆಯನ್ನು ಬದಲಾಯಿಸಿದರೂ ಪಾರಾಗುವುದು ಕಷ್ಟ.

ಎಲ್ಲಕ್ಕಿಂತ ಮೋಸಗಾರಿಕೆಯವು ವೈರಸ್ ರೋಗಗಳು. ಆರ್ಟಿಚೋಕಿನಲ್ಲಿ 20ಕ್ಕೂ ಮೇಲ್ಪಟ್ಟು ವೈರಸ್ಸುಗಳನ್ನು ಶಾಸ್ತ್ರಜ್ಞರು ಗುರುತಿಸಿದ್ದಾರೆ. ಕ್ಯಾಲಿಫೋರ್ನಿಯದ ಗಿಡ್ಡಮುರುಟು ವೈರಸ್ಸು ಗಿಡವನ್ನು ಕುಗ್ಗಿಸಿ, ಎಲೆಗಳನ್ನು ಸುರುಟಿಸಿ, ಮೊಗ್ಗುಗಳನ್ನು ವಿಕಾರಗೊಳಿಸುವುದರಿಂದ ಅದನ್ನು ಗುರುತಿಸಿ ಗಿಡವನ್ನು ಕಿತ್ತುಹಾಕಬಹುದು. ಇಟಲಿಯ ತೋಟಗಳಲ್ಲಿ ಹರಡಿರುವ ಆರ್ಟಿಚೋಕ್ ಲೇಟೆಂಟ್ ವೈರಸ್ಸು ಹಾಗಲ್ಲ. ಲೇಟೆಂಟ್ ಎಂದರೆ ಅಡಗಿರುವುದು ಎಂದೇ ಅರ್ಥ. ಗಿಡದಲ್ಲಿ ಯಾವ ಸ್ಪಷ್ಟವಾದ ಚಿಹ್ನೆಯನ್ನೂ ತೋರಿಸದೆ ಇಳುವರಿಯನ್ನೂ ಮೊಗ್ಗಿನ ಗಾತ್ರವನ್ನೂ ಒಳಗೊಳಗೆ ಕುಗ್ಗಿಸುವುದೇ ಅದರ ಕ್ರಮ. ಹೇನುಗಳು ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತವೆ. ಇಟಾಲಿಯನ್ ಲೇಟೆಂಟ್ ಎಂಬ ಇನ್ನೊಂದು ವೈರಸ್ಸನ್ನು ಮಣ್ಣಿನಲ್ಲಿರುವ ಜಂತುಹುಳುಗಳು ಬೇರಿಗೆ ತಗಲಿಸುತ್ತವೆ. ಆದರೆ ಹೇನೂ ಜಂತುವೂ ಮಾಡುವ ಕೆಲಸಕ್ಕಿಂತ ಹೆಚ್ಚಿನದನ್ನು ಬೆಳೆಗಾರನು ತನ್ನ ಕೈಯಾರೆ ಮಾಡುತ್ತಾನೆ. ಒಂದು ರೋಗಿಯ ಬುಡದಿಂದ ನಾಲ್ಕು ಕಂದುಗಳನ್ನು ಕಿತ್ತು ನೆಟ್ಟನೆಂದು ಭಾವಿಸಿದರೆ, ಅವುಗಳಿಂದ ಮುಂದೆ 16, ಆ ಮೇಲೆ 64 ರೋಗಿಗಳು ಏಳುವುವು. ಇಷ್ಟು ವೇಗವಾಗಿಯೂ ಇಷ್ಟು ತಪ್ಪದೆಯೂ ರೋಗವನ್ನು ಹರಡಬಲ್ಲ ಹೇನು ಇಲ್ಲ. ವೈರಸ್ಸು ಹೊಕ್ಕ ಗಿಡವನ್ನು ಹೊಲದಲ್ಲಿ ಗುಣಪಡಿಸುವ ಔಷಧವೂ ಇಲ್ಲ.

ವಿಷದ ಮಿತಿ

ಹೀಗಿರುವಾಗ ಬೆಳೆಗಾರರು ತಮ್ಮ ಹಣವನ್ನೂ ಶ್ರಮವನ್ನೂ ಯಾವುದಕ್ಕೆ ಮೊದಲು ವಿನಿಯೋಗಿಸಬೇಕೆಂಬುದು ವಿಚಾರ ಮಾಡತಕ್ಕ ವಿಷಯ. ಸಿಂಪರಣೆಯು ಎಲ್ಲ ಕಾಲದಲ್ಲಿಯೂ ವ್ಯರ್ಥವೆಂದು ಹೇಳುವುದು ಸತ್ಯಕ್ಕೆ ದೂರವಾದ ಮಾತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಅಡಕೆಯ ಕೊಳೆರೋಗವನ್ನು ಅಭ್ಯಾಸಮಾಡಿ, ಮಳೆಗೆ ಮೊದಲೇ ಗೊನೆಗಳಿಗೆ ಬೋರ್ಡೋ ಮಿಶ್ರಣವನ್ನು ಹೊಡೆಯುವ ಕ್ರಮವನ್ನು ಮಲೆನಾಡಿನಲ್ಲಿ ರೂಢಿಗೆ ತಂದುದು ಬಹು ದೊಡ್ಡ ಉಪಕಾರ. ಆದರೆ ಕೊಳೆರೋಗವು ಮಳೆಯ ಹನಿಯೊಡನೆ ಗೊನೆಯ ಹೊರಗಿನಿಂದ ತಗಲುವುದು. ಹೊರಗಿನಿಂದ ಬರುವ ರೋಗಕ್ಕೆ ಹೊರಗಿನ ಲೇಪವು ಕವಚವಾಗುವುದು. ಕಂದಿನೊಳಗೇ ಕುಳಿತು ಬಂದ ವೈರಸ್ಸಿಗೂ ಮೊಗ್ಗಿನೊಳಗೆ ಹೊಕ್ಕ ಹುಳುವಿಗೂ ಅದೇ ಕವಚವನ್ನು ತೊಡಿಸುವುದು ಕಳ್ಳನು ಒಳಗೆ ಬಂದ ಮೇಲೆ ಬಾಗಿಲನ್ನು ಹಾಕಿದಂತೆ.

ಇದಲ್ಲದೆ ಆರ್ಟಿಚೋಕಿಗೆ ವಿಶೇಷವಾದ ಒಂದು ತೊಡಕುಂಟು. ಈ ಬೆಳೆಯನ್ನು ಒಂದೇ ಸಲ ಕೊಯ್ದು ಮುಗಿಸುವಂತಿಲ್ಲ. ಕೆಲವು ತಿಂಗಳುಗಳವರೆಗೆ, ಸುಗ್ಗಿಯ ಭರದಲ್ಲಿ ವಾರವಾರವೂ, ಆಳುಗಳು ಸಾಲುಗಳಲ್ಲಿ ನಡೆದು ಬಲಿತ ಮೊಗ್ಗುಗಳನ್ನು ಕೈಯಿಂದ ಕೊಯ್ಯುತ್ತಾರೆ; ಅದೇ ಗಿಡದಲ್ಲಿ ಎಳೆಯ ಮೊಗ್ಗುಗಳು ಮುಂದಿನ ವಾರಕ್ಕೆ ಕಾದಿರುತ್ತವೆ. ವಿಷವನ್ನು ಸಿಂಪಡಿಸಿದ ಮೇಲೆ ಇಂತಿಷ್ಟು ದಿನ ಕೊಯ್ಯಬಾರದೆಂಬ ನಿಯಮವನ್ನು ಪಾಲಿಸಿದರೆ ಮೊಗ್ಗು ಬಲಿತು ಅರಳಿ ಕೆಡುವುದು. ಪಾಲಿಸದಿದ್ದರೆ ಕೊಯ್ಯುವ ಆಳಿನ ಕೈಗೂ ತಿನ್ನುವವನ ಬಾಯಿಗೂ ವಿಷವು ತಗಲುವುದು. ಈ ಇಕ್ಕಟ್ಟಿನಲ್ಲಿ ಹಾನಿಯ ಭಾರವು ಮೊದಲು ಬೀಳುವುದು ಹೊಲದಲ್ಲಿ ದುಡಿಯುವ ಕೂಲಿಯ ಮೇಲೆ. ಒಂದೇ ವಿಷವನ್ನು ಮತ್ತೆ ಮತ್ತೆ ಬಳಸಿದರೆ ಕೀಟಗಳು ಅದನ್ನು ಸಹಿಸಲು ಕಲಿಯುತ್ತವೆ. ಹೇನುಗಳನ್ನು ತಿನ್ನುವ ಉಪಕಾರಿ ಕೀಟಗಳು ಮಾತ್ರ ಸಾಯುತ್ತವೆ. ಆದುದರಿಂದ ವಿಷವು ಕಟ್ಟಕಡೆಯ ಉಪಾಯವಾಗಿರತಕ್ಕದ್ದೇ ಹೊರತು ಮೊದಲನೆಯದಾಗಬಾರದು.

ಶುದ್ಧವಾದ ಕಂದು

ಮೊದಲನೆಯ ಉಪಾಯವು ಶುದ್ಧವಾದ ಕಂದು. ಇದನ್ನು ಪಡೆಯುವ ಮಾರ್ಗವು ಶಾಸ್ತ್ರಜ್ಞರಿಗೆ ತಿಳಿಯದ ವಿಷಯವಲ್ಲ. ಬೆಳೆಯುತ್ತಿರುವ ಸುಳಿಯ ತುತ್ತತುದಿಯ ಅತಿಸೂಕ್ಷ್ಮ ಭಾಗಕ್ಕೆ ವೈರಸ್ಸು ಸಾಮಾನ್ಯವಾಗಿ ತಲುಪಿರುವುದಿಲ್ಲ. ಆ ತುದಿಯನ್ನು ಮಾತ್ರ ಕತ್ತರಿಸಿ ಗಾಜಿನ ನಳಿಕೆಯಲ್ಲಿ ಪೋಷಕದ್ರವ್ಯಗಳ ಮೇಲೆ ಬೆಳೆಸಿ, ಕೆಲವು ಕಾಲ ಬಿಸಿಯ ಹವೆಯಲ್ಲಿಟ್ಟು, ಪರೀಕ್ಷೆಮಾಡಿ, ರೋಗವಿಲ್ಲದ ಗಿಡವನ್ನು ತಾಯಿಯಾಗಿ ಇಟ್ಟುಕೊಳ್ಳುವುದು ಈ ಮಾರ್ಗ. ದಕ್ಷಿಣ ಇಟಲಿಯ ಪುಗ್ಲಿಯ ಪ್ರಾಂತದಲ್ಲಿ ಬಾರಿಯ ವಿಶ್ವವಿದ್ಯಾನಿಲಯದವರು ಬ್ರಿಂದಿಸೀನೊ, ಲೊಕಾಲೆ ದಿ ಮೋಲ ಮೊದಲಾದ ಸ್ಥಳೀಯ ತಳಿಗಳನ್ನು ಹೀಗೆ ವೈರಸ್ಸಿನಿಂದ ಬಿಡಿಸಿದ್ದಾರೆ. ಅನೇಕ ತಲೆಮಾರುಗಳ ಒಕ್ಕಲುಗಳು ಆರಿಸಿ ಉಳಿಸಿಕೊಂಡು ಬಂದ ತಳಿಗಳು ರೋಗದ ಭಾರದಿಂದ ಕುಗ್ಗಿ, ಇಳುವರಿಯಿಲ್ಲವೆಂಬ ಕಾರಣದಿಂದ ಕೈಬಿಟ್ಟುಹೋಗುವ ಸ್ಥಿತಿಗೆ ಬಂದಾಗ ಆ ಕೆಲಸವು ನಡೆಯಿತು. ತಳಿಯು ಕೆಟ್ಟಿತೆಂದು ಜನರು ತಿಳಿದಿದ್ದ ಕಡೆಗಳಲ್ಲಿ ನಿಜವಾಗಿ ಕೆಟ್ಟಿದ್ದುದು ತಳಿಯಲ್ಲ, ಕಂದು ಎಂಬುದು ಇದರಿಂದ ಸ್ಪಷ್ಟವಾಗುವುದು.

ಆಕ್ಷೇಪಣೆಗಳು

ಈ ಅಭಿಪ್ರಾಯಕ್ಕೆ ಬೆಳೆಗಾರರು ಹೇಳುವ ಆಕ್ಷೇಪಣೆಗಳು ತಳ್ಳಿಹಾಕತಕ್ಕವಲ್ಲ. ಶುದ್ಧವಾದ ಕಂದಿಗೆ ಬೆಲೆ ಹೆಚ್ಚು, ತನ್ನ ತೋಟದ ಕಂದು ಬಿಟ್ಟಿಯಾಗಿ ದೊರೆಯುವುದು ಎಂಬುದು ಮೊದಲನೆಯದು. ಬಿಟ್ಟಿಯ ಕಂದಿನ ನಿಜವಾದ ಬೆಲೆಯು ನೆಟ್ಟ ದಿನ ಕಾಣುವುದಿಲ್ಲ. 5 ವರ್ಷಗಳ ಕಾಲ ಕುಗ್ಗಿದ ಇಳುವರಿಯಲ್ಲಿಯೂ ಪ್ರತಿ ಋತುವಿನ ಔಷಧದ ಲೆಕ್ಕದಲ್ಲಿಯೂ ಅದು ಕಂತುಕಂತಾಗಿ ತೆತ್ತುಹೋಗುತ್ತದೆ. ಆದರೆ ಸಣ್ಣ ಹಿಡುವಳಿದಾರನಿಗೆ ಮೊದಲ ದಿನದ ಹಣವನ್ನು ಕೂಡಿಸುವುದೇ ಕಷ್ಟವೆಂಬುದೂ ನಿಜ. ಆದುದರಿಂದ ತಾಯಿಗಿಡಗಳನ್ನು ಸಾಕುವ ಭಾರವನ್ನು ಸರ್ಕಾರವೂ ಸಹಕಾರ ಸಂಘಗಳೂ ಹೊರಬೇಕಲ್ಲದೆ ಒಬ್ಬೊಬ್ಬ ರೈತನ ಮೇಲೆ ಹೊರಿಸುವುದು ನ್ಯಾಯವಲ್ಲ.

ನಳಿಕೆಯಲ್ಲಿ ಬೆಳೆಸಿದ ಗಿಡಗಳು ತಳಿಯ ಗುಣವನ್ನು ಕಳೆದುಕೊಳ್ಳುತ್ತವೆ ಎಂಬುದು ಎರಡನೆಯ ಆಕ್ಷೇಪಣೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಶರತ್ಕಾಲದಲ್ಲಿಯೇ ಫಸಲು ಕೊಡುವ ಬೇಗತಳಿಗಳಲ್ಲಿ ಕೆಲವು ಗಿಡಗಳು ಈ ಕ್ರಮದಿಂದ ತಡವಾಗಿ ಮೊಗ್ಗು ಬಿಡುವುದುಂಟು. ಬೇಗ ಬಂದ ಮೊಗ್ಗಿಗೇ ಪೇಟೆಯಲ್ಲಿ ಹೆಚ್ಚು ಬೆಲೆಯಿರುವುದರಿಂದ ಇದು ಸಣ್ಣ ನಷ್ಟವಲ್ಲ. ಇದಕ್ಕೆ ಪರಿಹಾರವು ಕ್ರಮವನ್ನು ಬಿಡುವುದಲ್ಲ. ಪ್ರತಿಯೊಂದು ತಳಿಯ ತಾಯಿಗಿಡವನ್ನೂ ಹೊಲದಲ್ಲಿ ನೆಟ್ಟು, ಫಸಲಿನ ಕಾಲವನ್ನು ನೋಡಿ, ತಳಿಯ ಗುಣವನ್ನು ಉಳಿಸಿಕೊಂಡವುಗಳಿಂದ ಮಾತ್ರ ಮುಂದಿನ ವೃದ್ಧಿಯನ್ನು ಮಾಡುವುದು. ಪ್ರಯೋಗಶಾಲೆಯ ಪರೀಕ್ಷೆಯೊಂದೇ ಸಾಲದು, ಹೊಲದ ಪರೀಕ್ಷೆಯೂ ಬೇಕೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಶುದ್ಧವಾದ ಗಿಡವೂ ಕೆಲವು ವರ್ಷಗಳಲ್ಲಿ ಹೇನಿನಿಂದ ಮತ್ತೆ ರೋಗಕ್ಕೆ ಬೀಳುವುದಲ್ಲವೇ ಎಂಬುದು ಮೂರನೆಯದು. ಬೀಳುವುದು ದಿಟ. ಆದುದರಿಂದಲೇ ಒಬ್ಬನು ಶುದ್ಧ ಕಂದನ್ನು ನೆಟ್ಟು ನೆರೆಯವನು ರೋಗದ ತೋಟವನ್ನು ಹತ್ತು ವರ್ಷ ಉಳಿಸಿಕೊಂಡರೆ ಫಲವಿಲ್ಲ. ಇಡೀ ಊರು ಒಂದಾಗಿ ಹಳೆಯ ತೋಟಗಳನ್ನು ಕಿತ್ತು, ಮುಳ್ಳುಗಿಡಗಳನ್ನು ತೆಗೆದು, ಒಂದೇ ಕಾಲದಲ್ಲಿ ಹೊಸ ಕಂದನ್ನು ನೆಟ್ಟರೆ ಮಾತ್ರ ಅನೇಕ ಫಸಲುಗಳವರೆಗೆ ನೆಮ್ಮದಿಯುಂಟು. ಕೀಟಕ್ಕೆ ಸರ್ವೆ ನಂಬರಿನ ಕಲ್ಲು ಕಾಣುವುದಿಲ್ಲ.

ಬೀಜದಿಂದ ಬೆಳೆಯುವ ತಳಿಗಳನ್ನು ಹಾಕಿಕೊಂಡರೆ ಈ ತೊಂದರೆಯೇ ಇಲ್ಲವೆಂಬುದು ನಾಲ್ಕನೆಯ ಮಾತು. 1990ರ ದಶಕದ ಆದಿಯಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದವರು ಇಂಪೀರಿಯಲ್ ಸ್ಟಾರ್ ಎಂಬ ಬೀಜದ ತಳಿಯನ್ನು ಬಿಡುಗಡೆಮಾಡಿದ ಮೇಲೆ ವರ್ಷಕ್ಕೊಮ್ಮೆ ನೆಟ್ಟು ಕೀಳುವ ಬೇಸಾಯವು ಅಲ್ಲಿ ವಿಸ್ತರಿಸಿದೆ. ಹಳೆಯ ಬುಡವು ಹೊಲದಲ್ಲಿ ಉಳಿಯದಿರುವುದರಿಂದ ಗರಿರೆಕ್ಕೆಯ ಪತಂಗಕ್ಕೂ ಬುಡಕೊಳೆಗೂ ಇದರಿಂದ ಅಡ್ಡಿಯಾಗುವುದೆಂಬುದು ಸರಿ. ಆದರೆ ಹಳೆಯ ಪದ್ಧತಿಯಲ್ಲಿ ಅಷ್ಟಾಗಿ ಬಾಧಿಸದಿದ್ದ ಲೈಗಸ್ ಎಂಬ ತಿಗಣೆಯು ಈ ಬೇಸಾಯದಲ್ಲಿ ಎಳೆಯ ಗಿಡಗಳನ್ನು ಹೆಚ್ಚಾಗಿ ಪೀಡಿಸತೊಡಗಿತು. ಮಣ್ಣಿನಲ್ಲಿರುವ ಸೊರಗು ರೋಗಕ್ಕೆ ಬೀಜದ ಗಿಡವೂ ಸಿಕ್ಕುವುದು. ಅಲ್ಲದೆ ಇಟಲಿಯ ಸಾರ್ಡಿನಿಯ, ಪುಗ್ಲಿಯಗಳಂತಹ ಸೀಮೆಗಳಲ್ಲಿ ಹಿರಿಯರು ಆರಿಸಿದ ತಳಿಗಳು ಕಂದಿನಿಂದ ಮಾತ್ರ ತದ್ವತ್ತಾಗಿ ಉಳಿಯತಕ್ಕವು. ರೋಗಕ್ಕೆ ಹೆದರಿ ತಳಿಯನ್ನೇ ಬಿಟ್ಟುಕೊಡುವುದು ತಿಗಣೆಗೆ ಹೆದರಿ ಮನೆಯನ್ನು ಸುಟ್ಟಂತೆ ಆದೀತು. ಬೀಜದ ಬೇಸಾಯಕ್ಕೂ ಕಂದಿನ ಬೇಸಾಯಕ್ಕೂ ಸ್ಥಳವುಂಟು. ಯಾವ ಸೀಮೆಗೆ ಯಾವುದು ತಕ್ಕುದೆಂಬುದನ್ನು ಮಣ್ಣು, ಹವೆ, ಪೇಟೆಗಳನ್ನು ನೋಡಿ ನಿಶ್ಚಯಿಸತಕ್ಕದ್ದು.

ಕನ್ನಡನಾಡಿಗೆ ಅನ್ವಯ

ಈ ವಿಷಯವು ಕಡಲಾಚೆಯ ತರಕಾರಿಯೊಂದರ ಕಥೆಯಾಗಿ ಮುಗಿಯತಕ್ಕುದಲ್ಲ. ನಂಜನಗೂಡಿನ ರಸಬಾಳೆಯ ತೋಟಗಳು ಪನಾಮಾ ಸೊರಗು ರೋಗದಿಂದ ಕ್ಷೀಣಿಸಿದ ಸಂಗತಿಯನ್ನು ಮೈಸೂರು ಸೀಮೆಯವರು ಬಲ್ಲರು. ಆ ರೋಗವು ತೋಟದಿಂದ ತೋಟಕ್ಕೆ ಸಾಗುವ ಮುಖ್ಯ ದಾರಿಗಳಲ್ಲಿ ಬಾಳೆಯ ಕಂದೂ ಅದಕ್ಕೆ ಅಂಟಿದ ಮಣ್ಣೂ ಸೇರಿವೆ. ಮಲೆನಾಡಿನ ಏಲಕ್ಕಿಯ ಕಟ್ಟೆ ರೋಗವು ಬೀಜದಿಂದ ಬರುವುದಿಲ್ಲ, ಹೇನಿನಿಂದಲೂ ರೋಗದ ಗಡ್ಡೆಯಿಂದಲೂ ಬರುತ್ತದೆ. ಆದರೂ ಒಳ್ಳೆಯ ಫಸಲಿನ ಬುಡವೆಂದು ನೆರೆಯ ತೋಟದ ಗಡ್ಡೆಯನ್ನು ಪರೀಕ್ಷಿಸದೆ ತಂದು ನೆಡುವವರು ಇಲ್ಲದಿಲ್ಲ. ಕಬ್ಬಿನ ಬಿತ್ತನೆ ತುಂಡುಗಳನ್ನು 50 ಡಿಗ್ರಿ ಸೆಂಟಿಗ್ರೇಡ್ ಬಿಸಿನೀರಿನಲ್ಲಿ 2 ಗಂಟೆಗಳ ಕಾಲ ಅದ್ದಿ ನೆಡುವ ಕ್ರಮವು ಕೂಳೆಕಬ್ಬನ್ನು ಕುಗ್ಗಿಸುವ ರೋಗಕ್ಕೆ ಬಹುಕಾಲದಿಂದ ತಿಳಿದ ಪರಿಹಾರ. ಈ ಎಲ್ಲ ಬೆಳೆಗಳಲ್ಲಿಯೂ ಪ್ರಶ್ನೆಯು ಒಂದೇ: ನೆಡುವ ವಸ್ತುವು ಎಲ್ಲಿಂದ ಬಂತು, ಅದನ್ನು ಪರೀಕ್ಷಿಸಿದವರು ಯಾರು?

ಆರ್ಟಿಚೋಕನ್ನೇ ಬೆಳೆದುನೋಡಬೇಕೆಂಬ ಉತ್ಸಾಹವು ತಂಪು ಹವೆಯ ಬೆಟ್ಟಸೀಮೆಯ ತೋಟಗಾರರಲ್ಲಿ ಹುಟ್ಟಿದರೆ ಅದನ್ನು ನಿರುತ್ಸಾಹಗೊಳಿಸಬೇಕಾಗಿಲ್ಲ. ಆದರೆ ಹೊರದೇಶದ ಪ್ರವಾಸದಿಂದ ಹಿಂತಿರುಗುವಾಗ ಪೆಟ್ಟಿಗೆಯಲ್ಲಿ ಎರಡು ಕಂದುಗಳನ್ನು ಇಟ್ಟುಕೊಂಡು ಬರುವ ಆಸೆಯನ್ನು ಕಟ್ಟುನಿಟ್ಟಾಗಿ ಬಿಡತಕ್ಕದ್ದು. ಭಾರತ ಸರ್ಕಾರದ 2003ರ ಸಸ್ಯಸಂಗರೋಧ ಆಜ್ಞೆಯಂತೆ ಹೊರದೇಶದಿಂದ ನೆಡುವಸ್ತುವನ್ನು ತರುವುದಕ್ಕೆ ಮುಂಚಿತವಾಗಿ ಪರವಾನಗಿಯೂ ರೋಗಕೀಟಗಳಿಲ್ಲವೆಂಬ ಆ ದೇಶದ ಪ್ರಮಾಣಪತ್ರವೂ ಬೇಕು. ಈ ನಿಯಮವನ್ನು ಕೆಲವರು ಕಚೇರಿಯ ಕಾಟವೆಂದು ಭಾವಿಸುವುದುಂಟು. ಪೆಟ್ಟಿಗೆಯ ಎರಡು ಕಂದುಗಳೊಡನೆ ಬಂದ ಹುಳುವಾಗಲಿ ಮಣ್ಣಿನ ಬೂಷ್ಟಾಗಲಿ ತಂದವನ ತೋಟದಲ್ಲಿಯೇ ನಿಲ್ಲುವುದಿಲ್ಲ. ಆರ್ಟಿಚೋಕಿನ ದಾಯಾದಿಯಾದ ಕುಸುಬೆಯು ಉತ್ತರದ ಎರೆಭೂಮಿಯಲ್ಲಿ ನಿಂತಿದೆ. ಬಯಲುಸೀಮೆಯ ಒಕ್ಕಲಿಗನ ಎಣ್ಣೆಕಾಳನ್ನು ಒಬ್ಬ ಹವ್ಯಾಸಿಯ ಮೊಗ್ಗಿಗಾಗಿ ಪಣಕ್ಕೆ ಒಡ್ಡುವ ಅಧಿಕಾರವು ಯಾರಿಗೂ ಇಲ್ಲ. ಪರೀಕ್ಷೆಗಾಗಿ ಬೆಳೆಯತಕ್ಕವರು ನಿಯಮದಂತೆ ತರಿಸಿದ ಬೀಜದಿಂದಲೇ ಆರಂಭಿಸುವುದು ಕ್ಷೇಮಕರವಾದುದು.

ಇದಕ್ಕಿಂತ ಹತ್ತಿರದ ಕೆಲಸವೆಂದರೆ, ಬೇರೆಯವರ ಅನುಭವವನ್ನು ಸ್ವಂತ ಬೆಳೆಗಳಿಗೆ ಅನ್ವಯಿಸಿಕೊಳ್ಳುವುದು. ರೋಗವಿಲ್ಲದ ತಾಯಿತೋಟಗಳನ್ನು ಪ್ರತಿ ತಾಲ್ಲೂಕಿನಲ್ಲಿಯೂ ಸ್ಥಾಪಿಸಿ, ಅಲ್ಲಿಯ ಕಂದುಗಳಿಗೆ ಪರೀಕ್ಷೆಯ ಗುರುತನ್ನು ಹಾಕಿ, ಸಣ್ಣ ರೈತನ ಕೈಗೆ ಎಟುಕುವ ಬೆಲೆಗೆ ಒದಗಿಸುವುದು ಇಲಾಖೆಗಳ ಹೊಣೆ. ಗುರುತಿಲ್ಲದ ಕಂದನ್ನು ಕೊಳ್ಳದಿರುವುದೂ, ಕತ್ತಿಯನ್ನು ಪ್ರತಿಯೊಂದು ಬುಡವನ್ನು ಸೀಳಿದ ಮೇಲೆ ತೊಳೆಯುವುದೂ, ರೋಗದ ಗಿಡವನ್ನು ಮರುಕವಿಲ್ಲದೆ ಕಿತ್ತು ಸುಡುವುದೂ, ಬದುವಿನ ಕಳೆಯನ್ನು ಬೆಳೆಯ ಶತ್ರುವಿನ ಛತ್ರವೆಂದು ಎಣಿಸುವುದೂ ರೈತರ ಹೊಣೆ. ಈ ಎರಡು ಹೊಣೆಗಳಲ್ಲಿ ಒಂದು ತಪ್ಪಿದರೆ ಇನ್ನೊಂದು ವ್ಯರ್ಥ. ಕೆರೆಯ ತೂಬು ಸೋರುತ್ತಿರುವಾಗ ಗದ್ದೆಯ ಬದುವಿಗೆ ಮಣ್ಣು ಹಾಕುತ್ತ ಕುಳಿತವನು ಬೆಳೆಯನ್ನು ಉಳಿಸಲಾರನು. ಬೆಳೆಯ ಆರೋಗ್ಯಕ್ಕೆ ತೂಬು ನೆಡುವ ಕಂದು. ಅದನ್ನು ಮೊದಲು ಭದ್ರಪಡಿಸತಕ್ಕದ್ದು.